ಪುಸ್ತಕಕ್ಕೊಂದು ರಹದಾರಿ

ಒಂದು ಕಾದಂಬರಿಯನ್ನು ತಂದು ಮನೆಮಂದಿಯೆಲ್ಲ ಸರದಿಯಂತೆ ಓದುವುದು ನಮಗೆ ಸಹಜವಾದ ಸಂಗತಿ. ಅದನ್ನೇ ಅಂಧನೊಬ್ಬನು ಓದಬೇಕಾದರೆ ಯಾರಾದರೂ ಅದನ್ನು ಬ್ರೈಲ್ ಲಿಪಿಗೆ ಇಳಿಸಬೇಕು. ಇಲ್ಲವೆ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಬೇಕು. ಹಾಗೆ ಮಾಡುವುದೂ ಪ್ರತಿ ತೆಗೆದಂತೆಯೇ ಆದ್ದರಿಂದ ಕೃತಿಸ್ವಾಮ್ಯದ ಕಾನೂನು ಅಡ್ಡ ಬರುತ್ತಿತ್ತು. ಪ್ರಕಾಶಕರಿಗೆ ಪತ್ರ ಬರೆದು ಅನುಮತಿಗಾಗಿ ಕಾಯುವಷ್ಟರಲ್ಲಿ ಪರೀಕ್ಷೆಯೇ ಮುಗಿದುಹೋದರೆ ವಿದ್ಯಾರ್ಥಿಯ ಗತಿಯೇನು?

ಕೆಲವು ದೇಶಗಳು ಇದಕ್ಕೆ ವಿನಾಯಿತಿ ಕೊಟ್ಟಿದ್ದವು, ನಿಜ. ಆದರೆ ಆ ವಿನಾಯಿತಿ ಗಡಿಯ ಬಳಿ ನಿಂತುಬಿಡುತ್ತಿತ್ತು. ಸ್ಪೇನಿನಲ್ಲಿ ಸಿದ್ಧವಾದ ಬ್ರೈಲ್ ಪುಸ್ತಕವನ್ನು, ಅದೇ ಭಾಷೆಯನ್ನಾಡುವ ದಕ್ಷಿಣ ಅಮೆರಿಕದ ಓದುಗರಿಗೆ ಕಳುಹಿಸುವಂತಿರಲಿಲ್ಲ. ಅಲ್ಲಿ ಮತ್ತೊಬ್ಬರು ಅದೇ ಕೆಲಸವನ್ನು ಮೊದಲಿನಿಂದ ಮಾಡಬೇಕಾಗಿತ್ತು. ಅದೇನು ಸುಲಭದ ಕೆಲಸವೆ? ಒಂದು ಸಾಧಾರಣ ಕಾದಂಬರಿಯೂ ಬ್ರೈಲಿನಲ್ಲಿ ದಪ್ಪ ಕಾಗದದ ಹಲವು ಸಂಪುಟಗಳಾಗಿ ಉಬ್ಬಿಬಿಡುತ್ತದೆ. ಅಂಧರ ಸಂಘಗಳು ಈ ದುಃಸ್ಥಿತಿಯನ್ನು 'ಪುಸ್ತಕ ಕ್ಷಾಮ'ವೆಂದು ಕರೆದವು. ಅದು ಅತಿಶಯೋಕ್ತಿಯಲ್ಲ.

ಈ ಕ್ಷಾಮವನ್ನು ನೀಗಲೆಂದು 2013ರ ಜೂನ್ 27ರಂದು ಮೊರಾಕೊ ದೇಶದ ಮರಾಕೆಶ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಅಂಗೀಕೃತವಾಯಿತು. ಪ್ರತಿಗಳು ಪೇಟೆಗೆ ನುಸುಳಿಯಾವೆಂದು ಪ್ರಕಾಶಕರಿಗೆ ಅಂಜಿಕೆ. ಅದಕ್ಕಾಗಿ, ಮಾನ್ಯತೆಯುಳ್ಳ ಸಂಸ್ಥೆಗಳ ಮೂಲಕ ಲಾಭದಾಸೆಯಿಲ್ಲದೆ ಪುಸ್ತಕಗಳು ಗಡಿ ದಾಟಬೇಕೆಂಬ ಏರ್ಪಾಡಾಯಿತು. 2010ರಲ್ಲಿ ಜಿನೀವಾದ ಸಭೆಯಲ್ಲಿ ಇದಕ್ಕಾಗಿ ಮೊರೆಯಿಟ್ಟಿದ್ದ ಅಂಧ ಗಾಯಕ ಸ್ಟೀವಿ ವಂಡರ್ ಮರಾಕೆಶ್‌ಗೆ ಬಂದು ಹಾಡಿದರು.

ಒಪ್ಪಂದವನ್ನು ಅನುಮೋದಿಸಿದ ಮೊಟ್ಟಮೊದಲ ದೇಶ ಯಾವುದು ಬಲ್ಲಿರಾ? ನಮ್ಮ ಭಾರತ. ಅದು 2014ರ ಜೂನ್ 24ರಂದು. 2012ರಲ್ಲಿಯೇ ನಾವು ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿಕೊಂಡಿದ್ದುದರಿಂದ ದಾರಿ ಸುಗಮವಾಗಿತ್ತು. ಆದರೆ ಒಬ್ಬರೇ ಸೇರಿದರೆ ಪುಸ್ತಕ ಕಳುಹಿಸುವುದು ಯಾರಿಗೆ? 20 ದೇಶಗಳು ಸೇರುವವರೆಗೆ ಒಪ್ಪಂದ ಜಾರಿಗೆ ಬರುವಂತಿರಲಿಲ್ಲ. ಇಪ್ಪತ್ತನೆಯದಾಗಿ ಕೆನಡಾ ಸೇರಿದ ಮೇಲೆ, 2016ರ ಸೆಪ್ಟೆಂಬರ್ 30ರಂದು ಅದು ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ನಮ್ಮಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಅಂತರ್ಜಾಲ ಗ್ರಂಥಾಲಯವೂ ತೆರೆಯಿತು.

2019ರಲ್ಲಿ ಅಮೆರಿಕವೂ ಸೇರಿಕೊಂಡಿತು. ಹೀಗಾಗಿ ಇಲ್ಲಿ ಸಿದ್ಧವಾದ ಕನ್ನಡ ಪುಸ್ತಕ, ಅಲ್ಲಿ ಮಗನ ಮನೆಯಲ್ಲಿರುವ ದೃಷ್ಟಿ ಕಳೆದುಕೊಂಡ ತಾಯಿಗೆ ಇಂಥ ಸಂಸ್ಥೆಗಳ ಮೂಲಕ ತಲುಪಬಹುದು. ಆದರೆ ಪುಸ್ತಕ ಮೊದಲು ಸಿದ್ಧವಾಗಬೇಕಷ್ಟೆ! ಒಪ್ಪಂದ ಅನುಮತಿ ಕೊಡುತ್ತದೆ, ಪುಸ್ತಕ ಕೊಡುವುದಿಲ್ಲ. ಹಳೆಯ ಮುದ್ರಣದ ಪುಟಗಳನ್ನು ಯಾರೋ ಕುಳಿತು ಬೆರಳಚ್ಚು ಮಾಡಬೇಕು, ಒತ್ತಕ್ಷರಗಳನ್ನು ತಿದ್ದಬೇಕು, ಮೂಲದೊಡನೆ ತಾಳೆ ನೋಡಬೇಕು. ಒಂದು ದೊಡ್ಡ ಕಾದಂಬರಿಗೆ ವಾರಗಳೇ ಹಿಡಿದಾವು.