ಸೂರಿನ ತುಂಡುಗೆರೆ

ಮನೆಯ ತಳನಕ್ಷೆ ಎಂದರೆ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಕಟ್ಟಡವನ್ನು ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ಎತ್ತಿ ಬದಿಗಿಟ್ಟು, ಉಳಿದದ್ದನ್ನು ಮೇಲಿನಿಂದ ನೋಡಿದಂತೆ ಬರೆದ ಚಿತ್ರ. ಆದ್ದರಿಂದ ಕೊಯ್ತಕ್ಕೆ ಸಿಕ್ಕಿದ ಗೋಡೆ ದಪ್ಪ ಗೆರೆಯಲ್ಲಿಯೂ, ಕೆಳಗೆ ಕಾಣುವ ಜಗಲಿ ಮತ್ತು ಮೆಟ್ಟಿಲು ತೆಳುಗೆರೆಯಲ್ಲಿಯೂ, ಕೊಯ್ತಕ್ಕಿಂತ ಮೇಲೆ ಉಳಿದುಹೋದ ಮಾಡಿನ ಅಂಚು ತುಂಡುಗೆರೆಯಲ್ಲಿಯೂ, ಅಂದರೆ ನಕ್ಷೆಗಾರರು ಡ್ಯಾಶ್ ಲೈನ್ ಎನ್ನುವ ಕಡಿದು ಕಡಿದು ಸಾಗುವ ಗೆರೆಯಲ್ಲಿಯೂ ಬರುತ್ತವೆ. ಬಯಲುಸೀಮೆಯ ತಾರಸಿ ಮನೆಯಲ್ಲಿ ಈ ಮೂರನೆಯ ಗೆರೆ ಕಿಟಕಿಯ ಮೇಲಿನ ಸಜ್ಜಾಕ್ಕಷ್ಟೇ ಬೇಕಾದೀತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಾತ್ರ ಮುರಕಲ್ಲಿನ ಗೋಡೆಯನ್ನು ಕಾಯುವುದೇ ಸೂರು. ಮನೆಯ ಸುತ್ತ ಓಡುವ ಆ ಗೆರೆಯಿಲ್ಲದ ನಕ್ಷೆಯಲ್ಲಿ ಅರ್ಧ ಮನೆಯಷ್ಟೇ ಇರುತ್ತದೆ. ಕೆಳಗೆ ಕಲ್ಲು, ಮೇಲೆ ಮರ, ಒಂದರ ಮೇಲೊಂದು ಇಳಿಜಾರು ಮಾಡು ಹೊತ್ತು 1430ರಲ್ಲಿ ಎದ್ದ ಮೂಡುಬಿದಿರೆಯ ಸಾವಿರ ಕಂಬದ ಬಸದಿ 1876ರಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ನನಿಗೆ ನೇಪಾಳದ ಕಟ್ಟಡಗಳನ್ನು ನೆನಪಿಸಿದ್ದರೆ, ಆ ನೆನಪಿಗೆ ಕಾರಣ ಕಂಬಗಳಲ್ಲ, ಮಾಡುಗಳು.

ಈ ಗೆರೆಗಳ ದಪ್ಪವನ್ನು ಮೊದಲು ಕೈಯೇ ನಿರ್ಧರಿಸುತ್ತಿತ್ತು. ರೂಲಿಂಗ್ ಪೆನ್ನು ಎಂಬ ಸಾಧನದ ಎರಡು ಉಕ್ಕಿನ ಅಲಗುಗಳ ನಡುವೆ ಶಾಯಿ ತುಂಬಿ, ಬದಿಯ ತಿರುಪನ್ನು ಬಿಗಿದೋ ಸಡಿಲಿಸಿಯೋ ಗೆರೆಯನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿಕೊಳ್ಳಬೇಕಿತ್ತು. ಆಟಿ ತಿಂಗಳ ಮಳೆಯ ತೇವಕ್ಕೆ ಟ್ರೇಸಿಂಗ್ ಕಾಗದ ಉಬ್ಬಿದಾಗ ಶಾಯಿ ಹರಡಿ, ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕಾಗುತ್ತಿತ್ತು. ತುಂಡುಗೆರೆಯಲ್ಲಿ ಒಂದೊಂದು ತುಂಡೂ ಬೇರೆಯಾಗಿ ಎಳೆದದ್ದು. ಎಷ್ಟು ಉದ್ದದ ತುಂಡು, ಎಷ್ಟು ಬಿಡುವು ಎಂಬುದಕ್ಕೆ ಕಣ್ಣಂದಾಜೇ ಪ್ರಮಾಣ. ಹ್ಯಾಂಬರ್ಗಿನ ಸಂಸ್ಥೆಯೊಂದು 1953ರಲ್ಲಿ ರಾಪಿಡೋಗ್ರಾಫ್ ಎಂಬ ಕೊಳವೆಮೂತಿಯ ಪೆನ್ನನ್ನು ತಂದ ಮೇಲೆ ತಿರುಪಿನ ಕಾಲ ಮುಗಿಯಿತು, ಒಂದು ಪೆನ್ನಿಗೆ ಒಂದೇ ದಪ್ಪ ಎಂದಾಯಿತು. ಆ ಪೆನ್ನಿನ ಮೇಲಿದ್ದ ರೋಟ್ರಿಂಗ್ ಎಂಬ ಬ್ರಾಂಡಿನ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಕೆಂಪು ಉಂಗುರ ಎಂದರ್ಥ. ಈ ಕೆಂಪು ಮುಂದೆ ಮತ್ತೆ ಮತ್ತೆ ಎದುರಾಗಲಿದೆ.

ಮುಂದೆ ಐಎಸ್‌ಒ 128 ಮಾನಕದಲ್ಲಿ ನೆಲೆಗೊಂಡ ದಪ್ಪಗಳು 0.13, 0.18, 0.25, 0.35, 0.5, 0.7, 1.0 ಮಿ.ಮೀ. ಎಂದು ಸಾಗುತ್ತವೆ. ಮೇಲ್ನೋಟಕ್ಕೆ ಯಾರೋ ಮನಸ್ಸಿಗೆ ಬಂದಂತೆ ಆರಿಸಿದ ಸಂಖ್ಯೆಗಳಂತೆ ಕಾಣುವ ಇವುಗಳಲ್ಲಿ ಪ್ರತಿಯೊಂದೂ ಹಿಂದಿನದರ ಸುಮಾರು 1.414 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು ಪಟ್ಟು ದಪ್ಪ. ಎ1 ಹಾಳೆಯನ್ನು ಎ2ಕ್ಕೆ ಇಳಿಸಿದಾಗ ಉದ್ದ ಅಗಲಗಳು ಕುಗ್ಗುವುದೂ ಇದೇ ಅನುಪಾತದಲ್ಲಿ. ನಕ್ಷೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಬೇಕೆಂದಾಗ ಬೇರೆ ಅಳತೆಯ ಹಾಳೆಗೆ ಹಿಗ್ಗಿಸುತ್ತಿದ್ದ ಕಾಲದಲ್ಲಿ, ಕುಗ್ಗಿದ ಪ್ರತಿಯ 0.35ರ ಗೆರೆ 0.25ಕ್ಕೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಅದನ್ನು ತಿದ್ದಲು ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪೆನ್ನೇ ಸಾಕಾಗುತ್ತಿತ್ತು. ನಕ್ಷೆಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡು ಇನ್ನೊಂದಿಲ್ಲ, ಇಷ್ಟು ಬೇಗ ಮರೆತುಹೋದದ್ದೂ ಇನ್ನೊಂದಿಲ್ಲ. ಪೆನ್ನುಗಳನ್ನು ಗುರುತಿಸಲು ಬಣ್ಣದ ಉಂಗುರಗಳಿದ್ದವು: 0.18ಕ್ಕೆ ಕೆಂಪು, 0.25ಕ್ಕೆ ಬಿಳಿ, 0.35ಕ್ಕೆ ಹಳದಿ, 0.5ಕ್ಕೆ ಕಂದು.

1982ರಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶ ಬಂದಾಗ ಗೆರೆಗೆ ದಪ್ಪ ಎಂಬ ಗುಣವೇ ಇರಲಿಲ್ಲ, ಇದ್ದದ್ದು ಬಣ್ಣ. ಎಚ್‌ಪಿ 7475ಎಯಂಥ ಪ್ಲಾಟರುಗಳು ಆರು ಪೆನ್ನುಗಳನ್ನು ಹಿಡಿದು ತಾವೇ ಗೆರೆ ಎಳೆಯುತ್ತಿದ್ದ ಯಂತ್ರಗಳಾದ್ದರಿಂದ, ಪರದೆಯ ಒಂದನೇ ಬಣ್ಣಕ್ಕೆ ಇಂಥ ಪೆನ್ನು, ಎರಡನೆಯದಕ್ಕೆ ಇಂಥದ್ದು ಎಂದು ಹೊಂದಿಸಿಬಿಟ್ಟರೆ ಬಣ್ಣವೇ ದಪ್ಪವಾಗುತ್ತಿತ್ತು. ಆ ಒಂದನೇ ಬಣ್ಣ ಕೆಂಪು. ಅತ್ತ, 1970ರಲ್ಲಿ ಮೊದಲು ಹೊರಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪದ್ಧತಿಯಲ್ಲಿ, ಪರವಾನಗಿಗೆ ಸಲ್ಲಿಸುವ ನಕ್ಷೆಯ ಕೆಂಪು ಹೊಸದಾಗಿ ಕಟ್ಟಬೇಕಾದ ಭಾಗವನ್ನು ಸೂಚಿಸುತ್ತದೆ, ಕೆಡವುವ ಭಾಗಕ್ಕೆ ಹಳದಿ. ಹೀಗೆ ಒಂದೇ ಕೆಂಪು, ಪೆನ್ನಿನಲ್ಲಿ ತೆಳುಗೆರೆ, ಪರದೆಯಲ್ಲಿ ಪೆನ್ನಿನ ಸಂಖ್ಯೆ, ಪುರಸಭೆಯ ಮೇಜಿನ ಮೇಲೆ ಹೊಸ ಕೋಣೆ. ಆಟೋಕ್ಯಾಡ್ 2000 ಗೆರೆಗೇ ನೇರವಾಗಿ ದಪ್ಪವನ್ನು ಕೊಟ್ಟಿತು, ಪೆನ್ನಿನ ಪ್ಲಾಟರುಗಳೂ ಗುಜರಿಗೆ ಹೋದವು. ಆದರೂ ಬಣ್ಣದಿಂದ ದಪ್ಪ ಹೇಳುವ ರೂಢಿ ಬಿಡಲಿಲ್ಲ. ಆ ಹೊಂದಾಣಿಕೆಯನ್ನು ಬರೆದಿಟ್ಟ ಸಿಟಿಬಿ ಎಂಬ ಪುಟ್ಟ ಕಡತವನ್ನು ನಕ್ಷೆಯ ಜೊತೆ ಕಳಿಸಲು ಮರೆತರೆ, ಬಂಟ್ವಾಳದ ಬಿ.ಸಿ. ರೋಡಿನ ಅಂಗಡಿಯಲ್ಲಿ ಪ್ರಿಂಟಾಗುವ ಹಾಳೆಯಲ್ಲಿ ಗೋಡೆಗೂ ಕಿಟಕಿಯ ಗಾಜಿಗೂ ಒಂದೇ ದಪ್ಪ.

ತುಂಡುಗೆರೆಯ ಪಾಡು ಇನ್ನೂ ಬೇರೆ. ತಂತ್ರಾಂಶದಲ್ಲಿ ಗೆರೆಯ ದಪ್ಪ ಎಂಬುದು ಕಾಗದಕ್ಕೆ ಸೇರಿದ್ದು: 0.5 ಮಿ.ಮೀ. ಎಂದರೆ ನಕ್ಷೆ 1:100ರಲ್ಲಿದ್ದರೂ 1:50ರಲ್ಲಿದ್ದರೂ ಅಷ್ಟೇ. ತುಂಡಿನ ಉದ್ದ ಮಾತ್ರ ಕಟ್ಟಡಕ್ಕೆ ಸೇರಿದ್ದು. ಗೆರೆಗಳ ಮಾದರಿ ಬರೆದಿಟ್ಟ ಆಟೋಕ್ಯಾಡಿನ ಮೆಟ್ರಿಕ್ ಗೆರೆಕಡತದಲ್ಲಿ ಡ್ಯಾಶ್ ಗೆರೆಗೆ 12.7 ತುಂಡು, 6.35 ಬಿಡುವು ಎಂದು ಬರೆದಿದೆ. ಇವು ಇಂಚಿನ ಕಡತದ ಅರ್ಧ ಮತ್ತು ಕಾಲು ಇಂಚನ್ನು 25.4ರಿಂದ ಗುಣಿಸಿ ಪಡೆದ ಸಂಖ್ಯೆಗಳು. 12 ಮೀಟರ್ ಉದ್ದದ ಸೂರನ್ನು ಮಿಲಿಮೀಟರಿನಲ್ಲಿ ಬರೆದು 1:100ಕ್ಕೆ ಮುದ್ರಿಸಿದರೆ ಬಿಡುವು ಕಾಗದದ ಮೇಲೆ 0.06 ಮಿ.ಮೀ. ಆಗಿ, 0.18ರ ಗೆರೆಯ ಶಾಯಿಯಲ್ಲೇ ಮುಚ್ಚಿಹೋಗುತ್ತದೆ. ಅದೇ ಸೂರನ್ನು ಮೀಟರಿನಲ್ಲಿ ಬರೆದರೆ, ಗೆರೆಯ ಉದ್ದ 12, ಒಂದು ತುಂಡಿನದೇ 12.7, ಒಂದು ಬಿಡುವಿಗೂ ಜಾಗ ಸಾಲದೆ ತಂತ್ರಾಂಶ ಅಖಂಡ ಗೆರೆಯನ್ನೇ ಎಳೆಯುತ್ತದೆ. ಒಂದು ಅತಿ ಚಿಕ್ಕದಾಗಿ, ಇನ್ನೊಂದು ಅತಿ ದೊಡ್ಡದಾಗಿ, ಎರಡೂ ಕಣ್ಣಿಗೆ ಒಂದೇ ರೋಗದಂತೆ ಕಾಣುತ್ತವೆ. ಮದ್ದು ಎಲ್‌ಟಿಸ್ಕೇಲ್ ಎಂಬ ಒಂದೇ ಗುಣಕ, ಪ್ರಮಾಣ ಮಾತ್ರ ಬೇರೆ: ಮೊದಲನೆಯದಕ್ಕೆ 50, ಎರಡನೆಯದಕ್ಕೆ 0.05, ಎರಡರಲ್ಲೂ ಕಾಗದದ ಮೇಲೆ ತುಂಡು 6.35 ಮಿ.ಮೀ. ಯಜಮಾನರು ಅಡಿಯಲ್ಲಿ ಮಾತನಾಡಿ, ವಾಸ್ತುವಿನವರು 24 ಅಂಗುಲದ ಕೋಲಿನಲ್ಲಿ ಅಳೆದು, ಕಚೇರಿ ಮೀಟರನ್ನೇ ಕೇಳುವ ಸೀಮೆಯಲ್ಲಿ ಈ ಗುಣಕ ನೆಟ್ಟಗೆ ಕೂರುವುದೇ ಅಪರೂಪ.

ಆಟೋಕ್ಯಾಡಿನ 1990ರ ಹನ್ನೊಂದನೆಯ ಆವೃತ್ತಿ ಕಟ್ಟಡವನ್ನು ಒಂದು ಕಡೆ, ಕಾಗದವನ್ನು ಇನ್ನೊಂದು ಕಡೆ ಇರಿಸುವ ಪೇಪರ್ ಸ್ಪೇಸನ್ನು ತಂದಿತು. ಮುಂದೆ, ಕಾಗದದಿಂದ ಕಟ್ಟಡವನ್ನು ಕಾಣಿಸುವ ಪ್ರತಿಯೊಂದು ಕಿಂಡಿಯ ಪ್ರಮಾಣಕ್ಕೆ ತಕ್ಕಂತೆ ತುಂಡುಗಳು ತಾವಾಗಿ ಹೊಂದಿಕೊಳ್ಳುವ ವ್ಯವಸ್ಥೆಯೂ ಬಂತು. ಅದರ ಫಲವನ್ನು ಕೆಡಿಸುವುದು ಕೊನೆಯ ಗಳಿಗೆಯ ಉಳಿತಾಯ. ಎ1ರ ನಕ್ಷೆಯನ್ನು ಎ3ಕ್ಕೆ ಇಳಿಸುವಾಗ ದಪ್ಪವನ್ನೂ ಕುಗ್ಗಿಸು ಎಂಬ ಗುರುತು ಹಾಕದಿದ್ದರೆ, ನಾಲ್ಕೂವರೆ ಇಂಚಿನ ಬಚ್ಚಲುಗೋಡೆಯ ಎರಡು 0.5ರ ಗೆರೆಗಳು ಒಂದಕ್ಕೊಂದು ಅಂಟಿ ಕಪ್ಪು ಪಟ್ಟಿಯಾಗುತ್ತವೆ. ಜೆರಾಕ್ಸಿನಲ್ಲಿ ಇಳಿಸಿದರೆ 0.18ರ ಗೆರೆ 0.09 ಆಗಿ ಮೊದಲು ಮಾಸುವುದು ಸೂರೇ. ಅಂಥ ಹಾಳೆ ಕೆಲಸದ ಜಾಗಕ್ಕೆ ಬಂದಾಗ ಗೋಡೆ ಎಬ್ಬಿಸುವ ಮೇಸ್ತ್ರಿಗೆ ಹೆಚ್ಚೇನೂ ತೊಂದರೆಯಿಲ್ಲ. ಮಾಡಿನ ಪಕ್ಕಾಸನ್ನು ಗೋಡೆಯಿಂದ ಎಷ್ಟು ಹೊರಗೆ ಬಿಡಬೇಕೆಂದು ಗೋಡೆಯ ದಪ್ಪಗೆರೆಗೂ ಆ ತುಂಡುಗೆರೆಗೂ ನಡುವಿನ ಅಂತರವನ್ನು ಹುಡುಕುವವನು ಮರಗೆಲಸದ ಆಚಾರಿ. ಗೆರೆ ಸಿಗದಿದ್ದರೆ ಅವನು ಪಕ್ಕದ ಹಳೆಯ ಮನೆಯ ಮಾಡನ್ನು ಅಳೆದು ಬರುತ್ತಾನೆ.