10 ವರ್ಷ ಗುತ್ತಿಗೆಯಲ್ಲಿ ದುಡಿದ ಸರ್ಕಾರಿ ವೈದ್ಯರು ತಾನಾಗಿಯೇ ಕಾಯಂ ಆಗುತ್ತಾರೆಯೇ?

“10 ವರ್ಷ ಗುತ್ತಿಗೆ ಸೇವೆ ಮುಗಿಸಿದ ವೈದ್ಯರೆಲ್ಲ ಕಾಯಂ, ಸುಪ್ರೀಂ ಕೋರ್ಟ್ ಆದೇಶ!” ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ. ಅದು ಅರ್ಧ ಸತ್ಯ.

ಈ 10 ವರ್ಷದ ಮಾತು ಬಂದಿದ್ದು ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಿಂದ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದರ ತೀರ್ಪು ನೀಡಿತು. ಕೋರ್ಟಿಗೆ ಹೋದವರು ವೈದ್ಯರಲ್ಲ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರು ಮತ್ತಿತರರು. ತೀರ್ಪಿನ ತಿರುಳಂತೂ ಫಾರ್ವರ್ಡ್‌ಗೆ ತದ್ವಿರುದ್ಧ: ಎಷ್ಟೇ ವರ್ಷ ದುಡಿದರೂ ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ. ಏಕೆಂದರೆ ಅರ್ಜಿ ಹಾಕುವ ಅವಕಾಶವೇ ಸಿಗದ ಉಳಿದವರಿಗೆ ಅದು ಅನ್ಯಾಯ.

ಆದರೆ ಒಂದು ವಿನಾಯಿತಿ ಇತ್ತು. ಮಂಜೂರಾದ ಖಾಲಿ ಹುದ್ದೆ, ಸರಿಯಾದ ವಿದ್ಯಾರ್ಹತೆ, ಕೋರ್ಟಿನ ತಡೆಯಾಜ್ಞೆಯ ನೆರವಿಲ್ಲದೆ 10 ವರ್ಷ ಸೇವೆ, ಇವೆಲ್ಲ ಇದ್ದವರನ್ನು ಒಂದು ಬಾರಿಗೆ ಮಾತ್ರ ಪರಿಗಣಿಸಿ ಎಂದಿತು ಕೋರ್ಟ್. ಫಾರ್ವರ್ಡ್‌ನಲ್ಲಿ ‘10 ವರ್ಷ’ ಉಳಿದಿದೆ, ಷರತ್ತುಗಳು ಮಾಯ!

ವೈದ್ಯರ ಪ್ರಕರಣಗಳೂ ಇವೆ. ರೈಲ್ವೆಯ ತಾತ್ಕಾಲಿಕ ವೈದ್ಯರ ಪ್ರಕರಣದಲ್ಲಿ (1987) 1984ರ ಅಕ್ಟೋಬರ್ 1ರವರೆಗೆ ನೇಮಕವಾದವರನ್ನು ಕಾಯಂ ಮಾಡಲು ಕೋರ್ಟ್ ಹೇಳಿತು. ಅದೂ ಯುಪಿಎಸ್‌ಸಿ ಜೊತೆ ಸಮಾಲೋಚಿಸಿ, ಅವರ ಕೆಲಸ, ನಡತೆ ನೋಡಿ. ನಂತರ ಸೇರಿದವರಿಗೆ ಈ ಲಾಭ ಸಿಗಲಿಲ್ಲ. ಜಮ್ಮು–ಕಾಶ್ಮೀರದ ವೈದ್ಯರ ಪ್ರಕರಣದಲ್ಲಿ (1993) ಲೋಕಸೇವಾ ಆಯೋಗವನ್ನು ಬದಿಗಿಟ್ಟು ಕಾಯಂ ಮಾಡುವುದನ್ನು ಕೋರ್ಟ್ ಒಪ್ಪಲಿಲ್ಲ.

ಹಾಗಂತ ಸರ್ಕಾರ ಹೇಳಿದ್ದೇ ಸರಿ ಎಂದಲ್ಲ. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ, ವರ್ಷಗಟ್ಟಲೆ ಖಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿಯಾಗಿ ಬಳಸುವುದು ತಪ್ಪು ಎಂದ ಕೋರ್ಟ್, ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸಗಾರರು ಮತ್ತು ತೋಟದ ಕೆಲಸಗಾರರನ್ನು ಕಾಯಂ ಮಾಡಿಸಿತು. ಗುತ್ತಿಗೆ ವೈದ್ಯರ ವಕೀಲರು ಈಗ ಇದನ್ನು ಮುಂದಿಡಬಹುದು. ಆದರೂ ಪ್ರತಿ ಪ್ರಕರಣವೂ ಅದರದರ ದಾಖಲೆಗಳ ಮೇಲೆಯೇ ನಿಲ್ಲುತ್ತದೆ.

ಹಾಗಾಗಿ ನೇಮಕಾತಿ ಆದೇಶ ತೆಗೆದು ನೋಡಿ. ಹುದ್ದೆ ಮಂಜೂರಾದದ್ದೇ, ಅಥವಾ ರಾಷ್ಟ್ರೀಯ ಆರೋಗ್ಯ ಅಭಿಯಾನದಂಥ ಯೋಜನೆಯದ್ದೇ? ಬಹಿರಂಗ ಅಧಿಸೂಚನೆ, ಮೀಸಲಾತಿ, ಆಯ್ಕೆ ಸಮಿತಿ ಇತ್ತೇ? “ಹೇಗೂ ಕಾಯಂ ಆಗುತ್ತೆ” ಎಂದು ನೇರ ನೇಮಕಾತಿಗೆ ಅರ್ಜಿಯನ್ನೇ ಹಾಕದೆ ಕೂತರೆ ವಯೋಮಿತಿ ಮೀರಬಹುದು. ಆಮೇಲೆ ವಯಸ್ಸಿನಲ್ಲಿ ಸಡಿಲಿಕೆ ಕೇಳಲು ಮತ್ತೆ ಕೋರ್ಟಿಗೇ ಹೋಗಬೇಕಾದೀತು.