ಹಳೆಯ ಬಟ್ಟೆಯ ಹೊಸ ಸಂತೆ

ತಾಯಿಯವರ ವರ್ಷಾಬ್ದಿಕ ಮುಗಿದ ಮೇಲೆ ಒಂದು ಭಾನುವಾರ ಅಕ್ಕನೂ ನಾನೂ ಬೆಂಗಳೂರಿನ ಮನೆಯಲ್ಲಿ ಅವರ ಟ್ರಂಕನ್ನು ತೆರೆದೆವು. ಮೊದಲು ಹೊರಬಂದದ್ದು ನುಸಿಗುಳಿಗೆಯ ವಾಸನೆ, ಆಮೇಲೆ ಸೀರೆಗಳು. ದಿನಬಳಕೆಯ ನೂಲಿನವು ಹನ್ನೆರಡು, ರೇಷ್ಮೆಯವು ಐದು, ಎಲ್ಲಕ್ಕೂ ಅಡಿಯಲ್ಲಿ ತಂದೆಯವರ ಉಣ್ಣೆಯ ಕೋಟು ಒಂದು. ನೆಂಟರಿಷ್ಟರಿಗೆ ಸಲ್ಲಬೇಕಾದವು ಆಗಲೇ ಸಂದಿದ್ದವು. ರೇಷ್ಮೆಯವುಗಳಲ್ಲಿ ಎರಡನ್ನು ಅಕ್ಕ ತನಗೆಂದು ಎತ್ತಿಟ್ಟುಕೊಂಡಳು. ಉಳಿದುದನ್ನು ಏನು ಮಾಡುವುದೆಂಬುದು ಪ್ರಶ್ನೆಯಾಯಿತು.

ಒಂದು ವಾರದೊಳಗೆ ನಾಲ್ಕು ಉತ್ತರಗಳು ಬಂದವು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಾಗಿಲಿಗೆ ಬಂದು, ನೂಲಿನ ಸೀರೆಗಳನ್ನೂ ಕೋಟನ್ನೂ ಕೈಯಲ್ಲೇ ತೂಗಿ ನೋಡಿ, ಒಂದು ಸ್ಟೀಲಿನ ಬೋಗುಣಿಯನ್ನು ಮುಂದಿಟ್ಟಳು. ಪೇಟೆಯಲ್ಲಿ ಹಳೆಯ ರೇಷ್ಮೆಯನ್ನು ಕೊಳ್ಳುವ ಅಂಗಡಿಯವರು ಸೀರೆಯ ಮಡಿಕೆಯನ್ನು ಬಿಚ್ಚಲೂ ಇಲ್ಲ. ಅಂಚಿನ ಜರಿಯನ್ನು ಉಜ್ಜಿ, ಅದರಲ್ಲಿ ಬೆಳ್ಳಿ ಎಷ್ಟಿದ್ದೀತೆಂದು ಅಂದಾಜು ಮಾಡಿ, ಬೆಲೆ ಹೇಳಿದರು. ಧಾರವಾಡದಲ್ಲಿರುವ ನಮ್ಮ ಚಿಕ್ಕಮ್ಮ, ಮಾರುವ ಮಾತೇಕೆ, ನೂಲಿನವನ್ನೆಲ್ಲ ಕಳಿಸಿರಿ, ಕೌದಿ ಹೊಲಿಸಿಕೊಡುತ್ತೇನೆ ಎಂದರು. ನ್ಯೂ ಜೆರ್ಸಿಯಲ್ಲಿರುವ ಅಕ್ಕನ ಮಗಳು ಮಾತ್ರ ದೂರವಾಣಿಯಲ್ಲಿ ನಕ್ಕು, "ಮಾವ, ಇದಕ್ಕೆಂದೇ ಅಂತರ್ಜಾಲದಲ್ಲಿ ಹತ್ತಾರು ಸಂತೆಗಳಿವೆ. ನಾನು ತೊಟ್ಟು ಬಿಟ್ಟದ್ದನ್ನೆಲ್ಲ ಅಲ್ಲಿಯೇ ಮಾರುತ್ತೇನೆ" ಎಂದಳು.

"ಆ ಹತ್ತಾರರಲ್ಲಿ ಒಳ್ಳೆಯದು ಯಾವುದಮ್ಮ?" ಎಂದೆ. "ನೀವು ಏನನ್ನು ಮಾರುತ್ತೀರಿ ಎಂಬುದರ ಮೇಲಿದೆ" ಎಂದಳು. ಈ ಸರಳವಾದ ಮಾತಿನ ಅರ್ಥ ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ತಿಳಿದಷ್ಟನ್ನು, ನಮ್ಮಂತೆಯೇ ತುಂಬಿದ ಟ್ರಂಕಿನ ಮುಂದೆ ಕುಳಿತಿರಬಹುದಾದ ವಾಚಕರಿಗೆ ಒಪ್ಪಿಸುತ್ತಿದ್ದೇನೆ.

ಹರಾಜಿನ ಕಟ್ಟೆ

ಈ ಸಂತೆಗಳಲ್ಲಿ ಹಿರಿಯದು ಈಬೇ. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿದ್ದ ಪಿಯರ್ ಒಮಿದ್ಯಾರ್ ಎಂಬ ತರುಣ ಇದನ್ನು 'ಆಕ್ಷನ್‌ವೆಬ್' ಎಂಬ ಹೆಸರಿನಿಂದ ತೆರೆದ. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬಂದ ಬೆಲೆ 14 ಡಾಲರ್ 83 ಸೆಂಟು. ಅದು ಕೆಟ್ಟದ್ದೆಂದು ತಿಳಿದೇ ಕೊಂಡಿರಾ ಎಂದು ಆತ ವಿಚಾರಿಸಿದಾಗ, ಕೆಟ್ಟ ಲೇಸರ್ ಪಾಯಿಂಟರುಗಳನ್ನು ಕೂಡಿಡುವುದೇ ತನ್ನ ಹವ್ಯಾಸವೆಂದು ಕೊಂಡವನು ಉತ್ತರ ಬರೆದನಂತೆ.

ಹರಾಜಿನ ಮರ್ಮವೆಲ್ಲ ಈ ಕಥೆಯಲ್ಲಿ ಅಡಗಿದೆ. ಒಂದು ವಸ್ತುವನ್ನು ಊರಿನಲ್ಲಿ ಯಾರೂ ಬೇಡದಿರಬಹುದು. ಆದರೆ ಅದನ್ನೇ ಹುಡುಕುತ್ತಿರುವ ಮರುಳನೊಬ್ಬ ಪ್ರಪಂಚದ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತಾನೆ. ಅಂಥವರು ಇಬ್ಬರು ಸಿಕ್ಕಿದರೆ ಬೆಲೆ ತಾನಾಗಿ ಏರುತ್ತದೆ. ಹಳೆಯ ನಾಣ್ಯ, ಅಂಚೆಚೀಟಿ, ಕ್ಯಾಮೆರಾ, ಗ್ರಾಮಫೋನ್ ತಟ್ಟೆ, ಈಗ ತಯಾರಾಗದ ಗಡಿಯಾರದ ಬಿಡಿಭಾಗ, ಇವುಗಳಿಗೆ ಇದಕ್ಕಿಂತ ದೊಡ್ಡ ಕಟ್ಟೆ ಇನ್ನೊಂದಿಲ್ಲ. ಆದರೆ ಎಲ್ಲರ ಮನೆಯಲ್ಲಿಯೂ ಇರುವಂಥ ಅಂಗಿಯೊಂದನ್ನು ಅಲ್ಲಿ ಕೂಗಿಗೆ ಹಾಕಿದರೆ ಕೇಳುವವರಿಲ್ಲ. ಅದರಂಥವು ಸಾವಿರಾರು ಅದರ ಪಕ್ಕದಲ್ಲಿಯೇ ತೂಗಾಡುತ್ತಿರುತ್ತವೆ. ಈಬೇಯಲ್ಲಿ ನಿಗದಿ ಬೆಲೆಗೆ ಮಾರುವ ಪದ್ಧತಿಯೂ ಇರುವುದು ಈ ಕಾರಣದಿಂದಲೇ.

ಊರ ಸಂತೆ

ಎರಡನೆಯ ಬಗೆಯದು ಊರೊಳಗಿನ ಸಂತೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ 1995ರಲ್ಲಿ ಗೆಳೆಯರಿಗೆ ಕಳಿಸುತ್ತಿದ್ದ ಮಿಂಚಂಚೆಯ ಪಟ್ಟಿಯೇ ಬೆಳೆದು ಕ್ರೇಗ್ಸ್‌ಲಿಸ್ಟ್ ಆಯಿತು. ನಮ್ಮಲ್ಲಿ ಮನೆಮಾತಾಗಿರುವ ಓಎಲ್‌ಎಕ್ಸ್ 2006ರಲ್ಲಿಯೂ ಕ್ವಿಕರ್ 2008ರಲ್ಲಿಯೂ ಹುಟ್ಟಿದವು; ಫೇಸ್‌ಬುಕ್ ತನ್ನ ಮಾರ್ಕೆಟ್‌ಪ್ಲೇಸನ್ನು 2016ರಲ್ಲಿ ತೆರೆಯಿತು. ಇವುಗಳ ನಡೆ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ನಡೆಯೇ. ಮಾರುವವನು ಚಿತ್ರ ಹಾಕುತ್ತಾನೆ. ಕೊಳ್ಳುವವನು ಮನೆಗೆ ಬಂದು, ಮುಟ್ಟಿ ನೋಡಿ, ಹಣ ಕೊಟ್ಟು ಒಯ್ಯುತ್ತಾನೆ. ಮನೆಯ ಸಾಮಾನು ಮಾರುವವನಿಂದ ಸಾಮಾನ್ಯವಾಗಿ ದಲ್ಲಾಳಿಯ ಪಾಲು ಕೇಳುವವರಿಲ್ಲ, ಅಂಚೆವೆಚ್ಚವಿಲ್ಲ. ಮಂಚ, ಮೇಜು, ಶೀತಕಪಾಟು, ಮಗು ಬೆಳೆದ ಮೇಲೆ ಮೂಲೆ ಸೇರಿದ ಸೈಕಲ್ಲು, ಕಳಿಸಲು ಭಾರವಾದ, ನೋಡಿಯೇ ಕೊಳ್ಳಬೇಕಾದ ಇಂಥ ವಸ್ತುಗಳಿಗೆ ಇದೇ ತಕ್ಕ ಜಾಗ.

ಆದರೆ ಇಲ್ಲಿ ನಡುವೆ ನಿಂತು ಹೊಣೆ ಹೊರುವವರೂ ವಿರಳ. ದಲ್ಲಾಳಿಗೆ ಉಳಿಸಿದ ಹಣಕ್ಕೆ ಬದಲಾಗಿ ನಂಬಿಕೆಯ ಭಾರವನ್ನು ನಾವೇ ಹೊರಬೇಕು. ನಮ್ಮ ನೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಇಂಥದೊಂದು ತಾಣದಲ್ಲಿ ತಮ್ಮ ತೇಗದ ಮಂಚವನ್ನು ಮಾರಾಟಕ್ಕೆ ಹಾಕಿದ್ದರು. ಅರ್ಧ ಗಂಟೆಯೊಳಗೆ ಒಬ್ಬ ಕರೆ ಮಾಡಿ, ತಾನು ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು, ಒಂದು ರೂಪಾಯಿಯನ್ನೂ ಇಳಿಸೆನ್ನದೆ ಒಪ್ಪಿದ. "ಹಣ ಕಳಿಸುತ್ತಿದ್ದೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿರಿ, ಜಮೆಯಾಗುತ್ತದೆ" ಎಂದ. ಒತ್ತಿದರು. ಬರಬೇಕಾದ ಒಂಬತ್ತು ಸಾವಿರ ಬರಲಿಲ್ಲ. ಅವರ ಖಾತೆಯಿಂದಲೇ ಒಂಬತ್ತು ಸಾವಿರ ಹೋಯಿತು. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ಗಾದೆ ಸಾಲಕ್ಕೆ ಮಾತ್ರವಲ್ಲ, ಇದಕ್ಕೂ ಸಲ್ಲುತ್ತದೆ. ಅವರಿಗೆ ಹಣ ಹೋದುದಕ್ಕಿಂತಲೂ, ನಲವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ತಾನು ಮೋಸಹೋದೆನೆಂಬ ನಾಚಿಕೆಯೇ ಹೆಚ್ಚು. ಆದುದರಿಂದ ಒಂದು ಮಾತನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ: ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಅದು ಎಂದಿಗೂ ಬೇಕಿಲ್ಲ.

ಬಟ್ಟೆಗೆಂದೇ ಪೇಟೆ

ಮೂರನೆಯ ಬಗೆಯದು ಬಟ್ಟೆಬರೆಗೆ ಹೇಳಿ ಮಾಡಿಸಿದ ಪೇಟೆ. ಇದರ ಹುಟ್ಟಿನ ಕಥೆ ನಮ್ಮ ಟ್ರಂಕಿನ ಕಥೆಗೆ ಹತ್ತಿರದ್ದು. 2008ರಲ್ಲಿ ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಮಿಲ್ಡಾ ಮಿತ್ಕುಟೆ ಎಂಬ ತರುಣಿ ಮನೆ ಬದಲಾಯಿಸಬೇಕಾಗಿ ಬಂದಾಗ, ಬೀರುವಿನ ಬಟ್ಟೆ ಹೊಸ ಮನೆಗೆ ಹೆಚ್ಚಾಯಿತು. ಯುಸ್ತಾಸ್ ಯನೌಸ್ಕಾಸ್ ಎಂಬ ಗೆಳೆಯ ಅವುಗಳನ್ನು ಮಾರಲು ಒಂದು ತಾಣವನ್ನು ಕಟ್ಟಿಕೊಟ್ಟ. ಅದೇ ಇಂದು ಯೂರೋಪಿನ ಅನೇಕ ದೇಶಗಳಲ್ಲಿ ಹಬ್ಬಿರುವ ವಿಂಟೆಡ್. ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ಪಾಶ್‌ಮಾರ್ಕ್, ಜಪಾನಿನಲ್ಲಿ 2013ರಲ್ಲಿ ಬಂದ ಮೆರ್ಕಾರಿ ಇದೇ ಜಾತಿಯವು. ಪಾಶ್‌ಮಾರ್ಕಿನ ಸ್ಥಾಪಕರಲ್ಲಿ ಪ್ರಮುಖರಾದ ಮನೀಶ್ ಚಂದ್ರ ಕಾನ್ಪುರದ ಐಐಟಿಯಲ್ಲಿ ಓದಿದವರು.

ಇಲ್ಲಿ ದಲ್ಲಾಳಿ ತನ್ನ ಕೆಲಸವನ್ನು ನಿಜವಾಗಿ ಮಾಡುತ್ತಾನೆ. ಕೊಂಡವರ ಹಣ ಮೊದಲು ಅವನ ಕೈಗೆ ಸೇರುತ್ತದೆ. ಮಾರಿದವರು ಅವನು ಕಳಿಸಿದ ವಿಳಾಸದ ಚೀಟಿಯನ್ನು ಕಟ್ಟಿಗೆ ಅಂಟಿಸಿ ಅಂಚೆಗೆ ಹಾಕುತ್ತಾರೆ. ಜಪಾನಿನಲ್ಲಿ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲಿಯೇ ಕೊಟ್ಟುಬರಬಹುದು. ಬಟ್ಟೆ ತಲಪಿ, ಚಿತ್ರದಲ್ಲಿದ್ದಂತೆಯೇ ಇದೆಯೆಂದು ಒಪ್ಪಿಗೆಯಾದ ಮೇಲೆ, ಅಥವಾ ತಕರಾರಿನ ಗಡುವು ಕಳೆದ ಮೇಲೆ, ಹಣ ಮಾರಿದವರಿಗೆ ಸಲ್ಲುತ್ತದೆ. ಇಬ್ಬರು ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸುವುದೇ ಇವರ ವ್ಯಾಪಾರದ ಸರಕು.

ಚಿತ್ರ ತೆಗೆಯುವ, ಅಳತೆ ಬರೆಯುವ ತಾಳ್ಮೆಯೂ ಇಲ್ಲದವರಿಗೆ ನಾಲ್ಕನೆಯದೊಂದುಂಟು. 2009ರಲ್ಲಿ ಆರಂಭವಾದ ಥ್ರೆಡ್‌ಅಪ್ ಒಂದು ದೊಡ್ಡ ಚೀಲವನ್ನು ಕಳಿಸುತ್ತದೆ. ತುಂಬಿ ಹಿಂದಿರುಗಿಸಿದರೆ ಚಿತ್ರ, ಬೆಲೆ, ಮಾರಾಟ ಎಲ್ಲವೂ ಅವರದೇ. ಶ್ರಮವಿಲ್ಲ, ಆದರೆ ಸಾಧಾರಣ ಬಟ್ಟೆಗೆ ಕೈಗೆ ಬರುವ ಪಾಲು ಬಹಳ ಸಣ್ಣದು.

ಸುಂಕ ಯಾರ ತಲೆಯ ಮೇಲೆ?

ಮಾರುವವನ ಮುಖ್ಯ ಪ್ರಶ್ನೆಗೆ ಈಗ ಬರೋಣ. ಅಮೆರಿಕದಲ್ಲಿ ಒಂದು ಉಡುಪನ್ನು 30 ಡಾಲರಿಗೆ ಮಾರಿದಿರೆನ್ನಿ. ಪಾಶ್‌ಮಾರ್ಕು 15 ಡಾಲರಿಗೆ ಮೇಲ್ಪಟ್ಟ ಮಾರಾಟದಲ್ಲಿ ನೂರಕ್ಕೆ ಇಪ್ಪತ್ತನ್ನು ಕಳೆಯುವುದರಿಂದ ಕೈಗೆ ಬರುವುದು 24. ನೂರಕ್ಕೆ ಹತ್ತು ಕಳೆಯುವ ಮೆರ್ಕಾರಿಯಲ್ಲಿ 27. ಈಬೇಯಲ್ಲಿ ನೂರಕ್ಕೆ ಹದಿಮೂರಕ್ಕಿಂತ ತುಸು ಹೆಚ್ಚು, ಅದರ ಮೇಲೆ ಕೆಲವು ಸೆಂಟು. ಉಳಿಯುವುದು ಇಪ್ಪತ್ತೈದರ ಆಸುಪಾಸು. ವಿಂಟೆಡ್ ಮಾರುವವರಿಂದ ಏನನ್ನೂ ಕೇಳುವುದಿಲ್ಲ. ಪೂರ್ತಿ 30 ಬರುತ್ತದೆ.

ಹಾಗಾದರೆ ವಿಂಟೆಡ್ಡೇ ಉತ್ತಮವೆ? ಅವಸರ ಬೇಡ. ಅಲ್ಲಿ 'ರಕ್ಷಣಾ ಶುಲ್ಕ'ವನ್ನು ಕೊಳ್ಳುವವರು ತೆರುತ್ತಾರೆ. ಅಂಚೆವೆಚ್ಚವೂ ಸಾಮಾನ್ಯವಾಗಿ ಅವರದೇ. ಕೊಳ್ಳುವವರು ಜೇಬಿನ ಒಟ್ಟು ಲೆಕ್ಕವನ್ನು ನೋಡುವವರಾದುದರಿಂದ, ಅಷ್ಟರ ಮಟ್ಟಿಗೆ ಚೌಕಾಸಿ ಮಾಡುತ್ತಾರೆ. ಸುಂಕವೆಂಬುದು ಮಾಯವಾಗುವುದಿಲ್ಲ, ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟುತ್ತದೆ.

ಈಚಿನ ವರ್ಷಗಳ ಚರಿತ್ರೆ ಇದನ್ನೇ ಸಾರುತ್ತದೆ. ಅಮೆರಿಕದ ಮೆರ್ಕಾರಿ 2024ರ ಮಾರ್ಚಿಯಲ್ಲಿ ಮಾರುವವರ ಸುಂಕವನ್ನು ತೆಗೆದು ಕೊಳ್ಳುವವರ ಮೇಲೆ ಹೊರಿಸಿತು. ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ, ಮತ್ತೆ ಮಾರುವವರ ಮೇಲೆ ತಂದಿತು. ಪಾಶ್‌ಮಾರ್ಕು 2024ರ ಅಕ್ಟೋಬರಿನಲ್ಲಿ ಇಂಥದೇ ಬದಲಾವಣೆ ಮಾಡಿ, ಮಾರುವವರ ಕೂಗಿಗೆ ಮಣಿದು, ಕೆಲವೇ ವಾರಗಳಲ್ಲಿ ಹಳೆಯ ಪದ್ಧತಿಗೆ ಮರಳಿತು. ಬ್ರಿಟನ್ನಿನಲ್ಲಿ ಈಬೇ 2024ರಲ್ಲಿ ಖಾಸಗಿ ಮಾರಾಟಗಾರರ ಶುಲ್ಕವನ್ನು ಬಿಟ್ಟು, 2025ರಲ್ಲಿ ಕೊಳ್ಳುವವರಿಂದ ಶುಲ್ಕ ಪಡೆಯತೊಡಗಿತು. ಆದುದರಿಂದ ಸರಕು ಹಾಕುವ ದಿನವೇ ಆ ದಿನದ ದರವನ್ನು ಓದಿಕೊಳ್ಳುವುದು ಜಾಣತನ.

ನಮ್ಮಲ್ಲಿ ಏಕೆ ನಿಲ್ಲಲಿಲ್ಲ?

ಇಷ್ಟೆಲ್ಲ ಓದಿ, ಇವುಗಳಲ್ಲಿ ಒಂದಕ್ಕೆ ನಮ್ಮ ಸೀರೆಗಳನ್ನು ಹಾಕೋಣವೆಂದು ಹೊರಟಾಗ ತಿಳಿದದ್ದು, ಅವುಗಳಲ್ಲಿ ಹಲವಕ್ಕೆ ನಮ್ಮ ದೇಶದಲ್ಲಿ ಬಾಗಿಲೇ ಇಲ್ಲವೆಂದು. 2000ದಲ್ಲಿ ಇಲ್ಲಿ ಹುಟ್ಟಿದ ಬಾಜೀ ಡಾಟ್ ಕಾಮ್ ಅನ್ನು ಈಬೇ 2004ರಲ್ಲಿ ಕೊಂಡಿತು. 2017ರಲ್ಲಿ ಅದರ ಭಾರತದ ವ್ಯಾಪಾರ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಕೈಸೇರಿ, 2018ರ ಆಗಸ್ಟಿನಲ್ಲಿ ಮುಚ್ಚಿತು. ಪಾಶ್‌ಮಾರ್ಕು 2021ರಲ್ಲಿ ಬಂದು 2023ರಲ್ಲಿ ಹೊರಟುಹೋಯಿತು.

ಕಾರಣವನ್ನು ಹುಡುಕಲು ನಮ್ಮ ಹನ್ನೆರಡು ನೂಲಿನ ಸೀರೆಗಳೇ ಸಾಕು. ಉಟ್ಟು ಸವೆದ ಒಂದು ಸೀರೆಗೆ ಇನ್ನೂರು ರೂಪಾಯಿ ಬಂದರೆ ಹೆಚ್ಚು. ರವಾನೆಗೇ ನೂರರ ಸುಮಾರು ಹೋದರೆ, ದಲ್ಲಾಳಿಗೆ ಕೊಡುವುದೇನು, ನಮಗೆ ಉಳಿಯುವುದೇನು? ಮೂಗಿಗಿಂತ ಮೂಗುತಿ ಭಾರ. ಇದರ ಜೊತೆಗೆ, ಅಪರಿಚಿತರು ಉಟ್ಟುದನ್ನು ಹಣ ಕೊಟ್ಟು ಉಡುವುದೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಮನಸ್ಸು ಹಿಂಜರಿಯುತ್ತದೆ. ಅಕ್ಕನದನ್ನು ತಂಗಿ ಉಡುವುದಕ್ಕೆ ಅಡ್ಡಿಯಿಲ್ಲ. ಅಂಗಡಿಯಿಂದ ತಂದ ಹಳೆಯದಕ್ಕೆ ಅಡ್ಡಿ.

ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಬಟ್ಟೆಗೆ ನಮ್ಮಲ್ಲಿ ಬಾಗಿಲಿಗೆ ಬರುವ ಪೇಟೆಯೊಂದು ಮೊದಲೇ ಇದೆ. ಪಾತ್ರೆಯ ಹೆಂಗಸನ್ನು ನಾವು ಪೇಟೆಯೆಂದು ಎಣಿಸುವುದಿಲ್ಲ. ಆದರೆ ಲೂಸಿ ನಾರಿಸ್ ಎಂಬ ಮಾನವಶಾಸ್ತ್ರಜ್ಞೆ ಭಾರತದ ಹಳೆಯ ಬಟ್ಟೆಯ ವ್ಯಾಪಾರವನ್ನೇ ಅಭ್ಯಸಿಸಿ 2010ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. ದೆಹಲಿಯ ರಘುಬೀರ್ ನಗರದಲ್ಲಿ, ಗುಜರಾತಿನ ಮೂಲದ ವಾಘ್ರಿ ಹೆಂಗಸರು ಮನೆಮನೆಯಿಂದ ಪಾತ್ರೆಗೆ ಬದಲಾಗಿ ತಂದ ಬಟ್ಟೆಯನ್ನು ಹೊತ್ತು ಮೂಡುವ ಮೊದಲೇ ಹರಡಿ ಮಾರುತ್ತಾರೆ. ಉಡಲು ಬರುವುದು ಬಡವರ ಮೈಗೆ ಸೇರುತ್ತದೆ. ಬಾರದ್ದು ಕಾರ್ಖಾನೆಯಲ್ಲಿ ಯಂತ್ರ ಒರೆಸುವ ಚಿಂದಿಯಾಗುತ್ತದೆ. ಹಳೆಯ ಉಣ್ಣೆಗೆ ಪಾಣಿಪತ್ತಿನ ಗಿರಣಿಗಳಿವೆ, ಅಲ್ಲಿ ಅದು ನೂಲಾಗಿ, ಕಂಬಳಿಯಾಗಿ ಹೊರಬರುತ್ತದೆ. ಒಂದು ಬೋಗುಣಿಯ ಬೆಲೆಯಲ್ಲಿ ಹೊರುವ, ತೊಳೆಯುವ, ವಿಂಗಡಿಸುವ ಕೆಲಸವೆಲ್ಲ ಸೇರಿದೆ. ಆ ಬೋಗುಣಿಯನ್ನು ಮೊದಲ ದಿನ ನಾನು ಮೋಸವೆಂದು ಬಗೆದಿದ್ದೆ. ಲೆಕ್ಕ ತಿಳಿದ ಮೇಲೆ ಆಕೆಯೊಡನೆ ಜಗ್ಗಾಡಿದ್ದಕ್ಕೆ ನಾಚಿಕೆಯಾಯಿತು.

ಏನನ್ನು ಮಾರುತ್ತೀರಿ?

ಅಕ್ಕನ ಮಗಳ ಮಾತಿನ ಅರ್ಥ ಆಗ ಹೊಳೆಯಿತು. ಒಂದೇ ಸೀರೆಯಲ್ಲಿ ಜರಿಯ ಅಂಗಡಿಯವರು ಕಂಡದ್ದು ಬೆಳ್ಳಿಯನ್ನು, ಪಾತ್ರೆಯಾಕೆ ತೂಕವನ್ನು, ಚಿಕ್ಕಮ್ಮ ಮೆತ್ತಗಾದ ನೂಲನ್ನು. ಹರಾಜಿನ ಕಟ್ಟೆ ವಿರಳತೆಗೆ ಬೆಲೆ ಕಟ್ಟುತ್ತದೆ, ಊರ ಸಂತೆ ಉಪಯೋಗಕ್ಕೆ, ಬಟ್ಟೆಯ ಪೇಟೆ ಮತ್ತೊಬ್ಬರು ತೊಡುವ ಆಸೆಗೆ. ಯಾವ ಸಂತೆ ಹೆಚ್ಚು ಕೊಡುತ್ತದೆಂದು ಕೇಳುವ ಮೊದಲು, ನಮ್ಮ ವಸ್ತುವಿನಲ್ಲಿ ಇನ್ನೂ ಜೀವಂತವಾಗಿ ಉಳಿದಿರುವುದು ಯಾವುದೆಂದು ಕೇಳಿಕೊಳ್ಳಬೇಕು.

ನೂಲಿನ ಸೀರೆಗಳು ಧಾರವಾಡಕ್ಕೆ ಹೋದವು. ತಂದೆಯವರ ಕೋಟನ್ನು ಊರ ಸಂತೆಯೊಂದರಲ್ಲಿ ಮೂರು ವಾರ ಇಟ್ಟೆ. "ಕೊನೆಯ ಬೆಲೆ ಎಷ್ಟು?" ಎಂದು ಹದಿನಾಲ್ಕು ಮಂದಿ ಕೇಳಿದರು, ನೋಡಲು ಒಬ್ಬರೂ ಬರಲಿಲ್ಲ. ಅದನ್ನು ಪಾತ್ರೆಯಾಕೆಗೇ ಕೊಟ್ಟೆವು, ಈ ಸಲ ಜಗ್ಗಾಡದೆ. ರೇಷ್ಮೆಯ ಮೂರನ್ನು ಜರಿಯ ಕುಲುಮೆಗೆ ಹಾಕಲು ಅಕ್ಕನಿಗೆ ಮನಸ್ಸಾಗಲಿಲ್ಲ; ರಜೆಗೆ ಬಂದ ಮಗಳ ಪೆಟ್ಟಿಗೆಯಲ್ಲಿಟ್ಟು ಕಳಿಸಿದಳು.

ಎರಡು ತಿಂಗಳ ಮೇಲೆ ಅವುಗಳಲ್ಲಿ ಒಂದು, ನೇರಿಳೆ ಬಣ್ಣದ್ದು, ಅಲ್ಲಿಯ ಬಟ್ಟೆಯ ಪೇಟೆಯೊಂದರಲ್ಲಿ 40 ಡಾಲರಿಗೆ ಹೋಯಿತು. ಸುಂಕ ಕಳೆದು ಕೈಗೆ ಬಂದದ್ದು 32. ಉಳಿದೆರಡು ಇನ್ನೂ ಅವಳ ಬೀರುವಿನಲ್ಲಿವೆ. ಟೆಕ್ಸಾಸಿನಲ್ಲಿದ್ದ ಕೊಂಡಾಕೆ ಐದು ನಕ್ಷತ್ರಗಳಲ್ಲಿ ನಾಲ್ಕನ್ನು ಕೊಟ್ಟು, ಸೀರೆ ಬಹಳ ಚೆನ್ನಾಗಿದೆ, ಮಗಳ ಮದುವೆಗೆ ಉಡುತ್ತೇನೆ, ಆದರೆ ಎರಡು ದಿನ ಗಾಳಿಗೆ ಹಾಕಿದರೂ ನುಸಿಗುಳಿಗೆಯ ವಾಸನೆ ಹೋಗಿಲ್ಲ ಎಂದು ಬರೆದಿದ್ದಳು.

ಒಂದು ನಕ್ಷತ್ರ ಕಡಮೆಯಾದುದಕ್ಕೆ ಮಗಳು ಬೇಸರಪಟ್ಟಳು. ಅಕ್ಕ ಆ ಮೂರು ಸಾಲನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, ಏನೂ ಹೇಳದೆ ಎದ್ದುಹೋಗಿ, ಖಾಲಿಯಾಗಿದ್ದ ಟ್ರಂಕಿನ ಮುಚ್ಚಳವನ್ನು ಹಾಕಿ ಬಂದಳು.